ಬೇರೆ ಸೀಸೆಯ ಅಳತೆ

ಐಮಂಗಲದ ಹೆದ್ದಾರಿಯಿಂದ ಹಿರಿಯೂರಿಗೆ ಹೋಗಲು ಒಂದು ಸಲ ನಾನು ಲಾರಿಯವನಿಗೆ ಐದು ರೂಪಾಯಿ ಕೊಟ್ಟಿದ್ದೇನೆ. ಎಪ್ಪತ್ತರ ದಶಕದ ಐದು ರೂಪಾಯಿ. ಅದೇ ದಾರಿಗೆ ಬಸ್ಸಿನಲ್ಲಿ ಚಿಲ್ಲರೆ ಕಾಸು ಸಾಕಾಗುತ್ತಿತ್ತು. ಅದರಲ್ಲೂ ತುಪ್ಪದ ಗಡಿಗೆಗೆ ಲಗೇಜು ಚೀಟಿ ಹರಿಯಬಾರದು ಎಂದು ಕಂಡಕ್ಟರನ ಜೊತೆ ಊರು ಬರುವ ತನಕ ವಾದ ಮಾಡುತ್ತಿದ್ದವಳು ನಾನು. ಅಂಥವಳು ಐದು ರೂಪಾಯಿ ಬಿಚ್ಚಿದೆನೆಂದರೆ ಸುಮ್ಮನೆ ಅಲ್ಲ. ಅರ್ಧ ಗೇಣಿನ ಒಂದು ಕಾಗದದ ಪಟ್ಟಿ ಒಂದು ಸೀಸೆಯಿಂದ ಇನ್ನೊಂದು ಸೀಸೆಗೆ ಹೋಗಿತ್ತು. ಅಷ್ಟೇ ಆಗಿದ್ದು. ಅಷ್ಟಕ್ಕೇ ನನ್ನ ಮಗಳ ಜೀವ ಹೋಗುವ ಹಾಗಾಗಿತ್ತು.

ಈಗ ಔಷಧದ ಸೀಸೆಯ ಮುಚ್ಚಳವೇ ಅಳತೆ. ಆಗ ಹಾಗಿರಲಿಲ್ಲ. ಡಾಕ್ಟರ ಹತ್ತಿರ ಹೋಗುವಾಗ ಖಾಲಿ ಸೀಸೆಯನ್ನು ನಾವೇ ತೊಳೆದು ಒಯ್ಯಬೇಕಿತ್ತು. ಕಾಂಪೌಂಡರ್ ದೊಡ್ಡ ಜಾಡಿಯಿಂದ ಕೆಂಪು ನೀರಿನಂಥ ಔಷಧ ಬಗ್ಗಿಸಿ, ಬಿಳಿ ಕಾಗದದ ಪಟ್ಟಿಯೊಂದನ್ನು ಸೀಸೆಯ ಮೈಗೆ ಉದ್ದಕ್ಕೆ ಅಂಟಿಸಿ ಕೊಡುತ್ತಿದ್ದ. ಪಟ್ಟಿಯ ಅಂಚಿನಲ್ಲಿ ಕತ್ತರಿಯಿಂದ ಕತ್ತರಿಸಿದ ಕಚ್ಚುಗಳು. ಒಂದು ಕಚ್ಚಿನಿಂದ ಮುಂದಿನ ಕಚ್ಚಿಗೆ ಔಷಧ ಇಳಿದರೆ ಒಂದು ಹೊತ್ತಿನದು ಮುಗಿಯಿತು. ಓದು ಬಾರದವರಿಗೂ ತಿಳಿಯುವ ಲೆಕ್ಕ. ಆದರೆ ಆ ಲೆಕ್ಕ ಆ ಒಂದು ಸೀಸೆಗೆ ಮಾತ್ರ ಎನ್ನುವುದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳುವಂಥ ಮಾತು ಎಂದು ಯಾರಿಗೂ ಅನ್ನಿಸುತ್ತಲೂ ಇರಲಿಲ್ಲ.

ನಮ್ಮದು ಐಮಂಗಲದಿಂದ ಒಳಗೆ, ಕುರಿ ಮತ್ತು ಒಂದಿಷ್ಟು ಹೊಲ ನಂಬಿದವರ ಸಣ್ಣ ಹಟ್ಟಿ. ಗಂಡ ವರ್ಷದಲ್ಲಿ ಅರ್ಧ ಕಾಲ ಕುರಿ ಹೊಡೆದುಕೊಂಡು ಮೇವಿರುವ ಕಡೆ ಹೋಗಿಬಿಡುತ್ತಿದ್ದರು. ಮನೆಯಲ್ಲಿ ಉಳಿಯುತ್ತಿದ್ದವರು ಅತ್ತೆ, ನಾನು, ವರ್ಷ ತುಂಬದ ಮಗಳು, ಎರಡು ಎಮ್ಮೆ. ಆ ಎಮ್ಮೆಗಳ ತುಪ್ಪವನ್ನು ಹಿರಿಯೂರಿಗೆ ಒಯ್ದು ಮಾರುವುದನ್ನು ನಾನೇ ಶುರು ಮಾಡಿದ್ದೆ. ಕಲಿಸಿದವರು ಯಾರೂ ಇಲ್ಲ.

ಸರ್ಕಾರದ ಲೀಟರು ಬಂದು ಎಷ್ಟೋ ಕಾಲವಾಗಿದ್ದರೂ ನಮ್ಮ ಒಲೆಯ ಹತ್ತಿರ ಅದಕ್ಕೆ ಜಾಗ ಸಿಕ್ಕಿರಲಿಲ್ಲ. ತುಪ್ಪ ಅಚ್ಚೇರು, ಪಾವು, ಚಟಾಕಿನಲ್ಲಿ. ಒಗ್ಗರಣೆಯ ಎಣ್ಣೆ ಹಿತ್ತಾಳೆಯ ಮಿಳ್ಳೆಯಲ್ಲಿ. ಕಷಾಯವೆಂದರೆ ಮೂರು ಲೋಟ ನೀರು ಕುದಿದು ಒಂದು ಲೋಟಕ್ಕೆ ಇಳಿಯಬೇಕು. ಕೂಸಿಗೆ ಹಾಲಾಗಲಿ ಹರಳೆಣ್ಣೆಯಾಗಲಿ ಒಳಲೆಯಲ್ಲಿ. ಬಾಯಿಯ ಕಡೆ ಕೊಕ್ಕಿನಂತೆ ಚೂಪಾಗಿರುವ ಸಣ್ಣ ಬಟ್ಟಲು ಅದು. ಇವುಗಳಲ್ಲಿ ನಮ್ಮತ್ತೆಯ ಕೈ ಎಷ್ಟು ಸರಿ ಎಂದರೆ, ಹುಳಿಗೆ ಎಣ್ಣೆ ಬಿಡುವಾಗ ಅವರು ಮಿಳ್ಳೆಯ ಕಡೆ ನೋಡುತ್ತಲೂ ಇರಲಿಲ್ಲ, ಬಾಗಿಲಲ್ಲಿ ನಿಂತವರ ಜೊತೆ ಮಾತಾಡುತ್ತಿರುತ್ತಿದ್ದರು. ಹುಳಿ ಮಾತ್ರ ಒಂದು ದಿನವೂ ಕೆಟ್ಟಿದ್ದಿಲ್ಲ. ಮುಂದೆ ನಡೆದದ್ದನ್ನು ಓದಿ ಆಕೆ ಬೇಜವಾಬ್ದಾರಿ ಹೆಂಗಸು ಎಂದು ಯಾರೂ ತಿಳಿಯಬಾರದು, ಅದಕ್ಕೇ ಇಷ್ಟು ಹೇಳಿದೆ.

ಅಳತೆಯಲ್ಲಿ ನನಗೆ ಗೊತ್ತಿದ್ದದ್ದು ಬೇರೆ ವಿದ್ಯೆ, ವ್ಯಾಪಾರದ್ದು. ಹಿರಿಯೂರಿನ ಹೋಟೆಲಿನ ಯಜಮಾನರೊಬ್ಬರು ತುಪ್ಪಕ್ಕೆ ಅಗಲ ಬಾಯಿಯ ಡಬರಿ ತಂದು ಒಡ್ಡುತ್ತಿದ್ದರು. ಅದರಲ್ಲಿ ಪಾವು ತುಪ್ಪ ಹೊಯ್ದರೆ ತಳ ಒದ್ದೆಯಾದ ಹಾಗೆ ಕಾಣುತ್ತದೆ. "ಏನಮ್ಮ, ಇದು ಪಾವಾ?" ಎಂದು ಮುಖ ಸಿಂಡರಿಸಿ ಮೇಲೆ ಇನ್ನಷ್ಟು ಹಾಕಿಸಿಕೊಳ್ಳುವ ಉಪಾಯ. ಮುಂದಿನ ಸಲ ನಾನು ಉದ್ದನೆಯ ಇಕ್ಕಟ್ಟು ಲೋಟ ಒಯ್ದು, ಅದೇ ಪಾವನ್ನು ಅವರ ಕಣ್ಣೆದುರು ಅದಕ್ಕೆ ಹೊಯ್ದೆ. ಕಂಠಮಟ್ಟ ನಿಂತಿತು. "ಅಣ್ಣಾ, ಜಾಸ್ತಿ ಬಂದಂಗೈತೆ. ಒಂದಿಷ್ಟು ವಾಪಸ್ ಹಾಕ್ಕಳ್ಳಾ?" ಎಂದೆ. ಅವರು ನಕ್ಕರು. ಆಮೇಲೆ ಡಬರಿ ಹೊರಗೆ ಬರಲಿಲ್ಲ.

ಆ ವರ್ಷ ಮಗಳಿಗೆ ನಾಯಿಕೆಮ್ಮು ಬಂತು. ಅದನ್ನು ನೋಡದವರಿಗೆ ಹೇಗೆ ಹೇಳುವುದು? ಕೆಮ್ಮು ಹತ್ತಿತೆಂದರೆ ಒಂದರ ಮೇಲೊಂದು, ಉಸಿರು ಎಳೆಯಲು ಸಂದಿಲ್ಲ. ಮುಖ ಕೆಂಪಾಗಿ, ಆಮೇಲೆ ನೇರಳೆ ಹಣ್ಣಿನ ಬಣ್ಣ. ಕೊನೆಗೆ ಕೊಳವೆಯಲ್ಲಿ ಗಾಳಿ ಎಳೆದ ಹಾಗೆ ಒಂದು ಸದ್ದು ಬಂದು, ಕುಡಿದದ್ದೆಲ್ಲ ಕಕ್ಕಿ, ನನ್ನ ಹೆಗಲ ಮೇಲೆ ಬಿದ್ದುಕೊಳ್ಳುತ್ತಿದ್ದಳು. ಆ ಸದ್ದು ಬರುವ ತನಕ ನಾನೂ ಉಸಿರು ಹಿಡಿದೇ ಇರುತ್ತಿದ್ದೆ. ದೇವರೇ, ಈ ಕೆಮ್ಮು ಒಂದು ನಿಲ್ಲಲಿ ಎಂದು ಹರಸಿಕೊಳ್ಳದ ಹೊತ್ತಿರಲಿಲ್ಲ.

ಹಿರಿಯೂರಿನ ಡಾಕ್ಟರ ಹತ್ತಿರ ಎತ್ತಿಕೊಂಡು ಹೋದೆ. ನಮ್ಮ ಮನೆಯಲ್ಲಿ ತಕ್ಕ ಸೀಸೆ ಇರಲಿಲ್ಲ. ಪಕ್ಕದ ಮನೆಯಾಕೆಯಿಂದ ತೆಳ್ಳಗೆ ಉದ್ದಕ್ಕಿದ್ದ ಒಂದನ್ನು ಕೇಳಿ ತಂದಿದ್ದೆ. ಕಾಂಪೌಂಡರ್ ಔಷಧ ತುಂಬಿ ಪಟ್ಟಿ ಅಂಟಿಸಿದ. ಡಾಕ್ಟರು ನನ್ನ ಮುಖವನ್ನೇ ನೋಡಿ ಹೇಳಿದರು:

"ದಿನಕ್ಕೆ ಮೂರು ಹೊತ್ತು. ಒಂದು ಕಚ್ಚು ಅಂದ್ರೆ ಒಂದೇ ಕಚ್ಚು. ಇದರಲ್ಲಿ ನಿದ್ದೆ ಬರೋ ಔಷಧ ಇದೆ. ಕೆಮ್ಮು ನಿಲ್ಲಲಿಲ್ಲ ಅಂತ ಮೇಲೆ ಮೇಲೆ ಕುಡಿಸಬೇಡಿ, ತಿಳೀತಾ?"

ಮನೆಗೆ ಬಂದು ಅತ್ತೆಗೂ ಅದೇ ಮಾತು ಒಪ್ಪಿಸಿದೆ. ಆ ಸಂಜೆ ಅವರೇ ಒಂದು ಕಚ್ಚು ಇಳಿಸಿ ಒಳಲೆಯಲ್ಲಿ ಕುಡಿಸಿದರು. ಮಗು ಸ್ವಲ್ಪ ಕೆಮ್ಮಿ ಸ್ವಲ್ಪ ಮಲಗಿತು. ಮರುದಿನ ಬೆಳಿಗ್ಗೆ ಒಂದು ಮದುವೆ ಮನೆಗೆ ತುಪ್ಪ ಮುಟ್ಟಿಸಬೇಕಿತ್ತು. "ನೀನು ಹೋಗಿ ಬಾರೆ, ನಾನಿಲ್ವಾ" ಎಂದರು ಅತ್ತೆ. ಹೋದೆ.

ಮಧ್ಯಾಹ್ನ ತಿರುಗಿದ ಹೊತ್ತಿಗೆ ವಾಪಸ್ಸು ಬಂದಾಗ ಅತ್ತೆ ಹೊಸ್ತಿಲಲ್ಲೇ ಬೆರಳು ತುಟಿಗಿಟ್ಟು ನಿಂತಿದ್ದರು. ಮುಖದಲ್ಲಿ ನಗು.

"ಮೆಲ್ಲಗೆ ಬಾ. ಕೂಸು ಮಲಗೈತೆ. ಬೆಳಗ್ಗೆಯಿಂದ ಒಂದು ಕೆಮ್ಮಿಲ್ಲ, ಒಂದು ಅಳಾದಿಲ್ಲ. ನಿಮ್ಮ ಡಾಕ್ಟ್ರ ಕೈಗುಣ ಚೆನ್ನಾಗೈತೆ ಕಣೆ."

ಒಂದು ಗಳಿಗೆ ನನಗೂ ಹಿತವಾಯಿತು. ಕಾಲು ತೊಳೆದೆ, ನೀರು ಕುಡಿದೆ. ಮನೆಯೊಳಗೆ ಎಷ್ಟೋ ದಿನದ ಮೇಲೆ ಸದ್ದಿಲ್ಲ. ಆಮೇಲೆ ಆ ಸದ್ದಿಲ್ಲದ್ದೇ ಬೆನ್ನಿಗೆ ತಣ್ಣಗೆ ತಾಗತೊಡಗಿತು. ತೊಟ್ಟಿಲ ಹತ್ತಿರ ಹೋಗಿ ಹಣೆ ಮುಟ್ಟಿದೆ. ಬಿಸಿಯಿಲ್ಲ. ಕೆನ್ನೆ ತಟ್ಟಿದೆ. ರೆಪ್ಪೆ ಅಲುಗಿತು, ತೆರೆಯಲಿಲ್ಲ. ಎತ್ತಿಕೊಂಡರೆ ತಲೆ ಒಂದು ಕಡೆ ಜೋತುಬಿತ್ತು, ಕೈ ಇನ್ನೊಂದು ಕಡೆ. ಮಲಗಿದ ಮಗುವಿನ ಭಾರ ಹಾಗಿರುವುದಿಲ್ಲ. ಹೆತ್ತವರಿಗೆಲ್ಲ ಅದು ಗೊತ್ತು.

"ಅತ್ತೆ, ಹಾಲು ತಗಂಬರ್ರಿ."

ಒಳಲೆಯ ಮೂತಿಯನ್ನು ತುಟಿಯ ನಡುವೆ ಇಟ್ಟು ಬಗ್ಗಿಸಿದೆ. ಹಾಲು ಬಾಯೊಳಗೆ ಹೋಯಿತು, ನಿಂತಿತು, ಕಟವಾಯಿಯಿಂದ ಹಾಗೇ ಹೊರಗೆ ಇಳಿದು ಕುತ್ತಿಗೆಗೆ ಹರಿಯಿತು. ನುಂಗಲಿಲ್ಲ. ಅತ್ತೆಯ ಮುಖದ ನಗು ಹೋಗಿತ್ತು.

"ಗಾಳಿ ಸೋಕೈತೇನೋ. ತಡಿ, ಉಪ್ಪು ಮೆಣಸಿನಕಾಯಿ ನಿವಾಳಿಸ್ತೀನಿ."

"ಏನೂ ಬ್ಯಾಡ, ಹೊರಡ್ರಿ!" ಎಂದು ಕೂಗಿದೆ. ಮದುವೆಯಾಗಿ ಬಂದ ಮೇಲೆ ಅತ್ತೆಯ ಮೇಲೆ ದನಿ ಎತ್ತಿದ್ದು ಅದೇ ಮೊದಲು. ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡೆ, ಗೂಡಿನಲ್ಲಿದ್ದ ಔಷಧದ ಸೀಸೆಯನ್ನು ಕೈಗೆ ಹಿಡಿದೆ. ಸೀಸೆ ಕೈಗೆ ದಪ್ಪಗೆ ಸಿಕ್ಕಿತು. ಏನೋ ಬೇರೆ ಅನ್ನಿಸಿತು. ನಿಂತು ನೋಡುವ ಹೊತ್ತೆಲ್ಲಿ? ಹೊಲದ ಬದುವಿನ ಮೇಲೆ ಹೆದ್ದಾರಿಯ ಕಡೆ ಓಡಿದೆವು. ಅತ್ತೆಗೆ ಮಂಡಿ ನೋವು, ಆದರೂ ನನಗಿಂತ ಮುಂದಿದ್ದರು.

ರಸ್ತೆಯಲ್ಲಿ ಬಸ್ಸಿನ ಸುಳಿವಿಲ್ಲ. ಕೈ ಅಡ್ಡ ಹಾಕಿದರೂ ಎರಡು ಲಾರಿ ನಿಲ್ಲದೆ ಹೋದವು. ಮತ್ತೊಂದಕ್ಕೆ ಅತ್ತೆ ರಸ್ತೆಯ ನಡುವೆಯೇ ಹೋಗಿ ನಿಂತರು. ಬೆಂಗಳೂರಿಗೆ ಈರುಳ್ಳಿ ಒಯ್ಯುತ್ತಿದ್ದ ಲಾರಿ. ಡ್ರೈವರ್ ಬಯ್ಯುತ್ತಲೇ ಬ್ರೇಕು ಹಾಕಿದ. ಕ್ಲೀನರ್ ತಲೆ ಹೊರಗೆ ಹಾಕಿದ.

"ಏನಜ್ಜಿ, ಸಾಯಕ್ಕೆ ನಮ್ಮ ಗಾಡೀನೇ ಬೇಕಿತ್ತಾ?"

"ಹಿರಿಯೂರಿಗೆ ಕಣಪ್ಪ, ಡಾಕ್ಟ್ರ ತಾವ" ಎಂದೆ ನಾನು.

"ಐದು ರೂಪಾಯಿ ಆಗ್ತೈತೆ."

"ಐದಾ? ಎರಡು ತಗಳಪ್ಪ" ಎಂದಿತು ನನ್ನ ಬಾಯಿ. ನಿಜಕ್ಕೂ ಹಾಗೆಯೇ. ತೋಳಿನಲ್ಲಿ ಮಗು ಬಟ್ಟೆಯಂತೆ ಬಿದ್ದಿದೆ, ಬಾಯಿ ತನ್ನ ಪಾಡಿಗೆ ಚೌಕಾಸಿಗೆ ಇಳಿದಿದೆ. ಭಯವಾದಾಗ ಮನುಷ್ಯ ತನಗೆ ಬರುವ ಕೆಲಸವನ್ನೇ ಮಾಡುತ್ತಾನೆ. ಅತ್ತೆ ನನ್ನ ಹೆಗಲಿಗೆ ಒಂದು ಬಿಗಿದರು.

"ಲೇ, ತುಪ್ಪ ಮಾರಕ್ಕೆ ಹೊಂಟಿದೀಯೇನೆ? ಹತ್ತೇ ಮೇಲೆ!"

ಕ್ಲೀನರ್ ನಗಲು ಹೋಗಿ, ಸೆರಗಿನೊಳಗಿನ ಮುಖ ನೋಡಿ ಸರಿದು ಜಾಗ ಮಾಡಿದ. ಡ್ರೈವರ್ ಗೇರು ಹಾಕಿದ. ಆಮೇಲೆ ದಾರಿಯುದ್ದಕ್ಕೂ ಹಾರ್ನಿನ ಮೇಲಿನ ಕೈ ತೆಗೆಯಲಿಲ್ಲ.

ಕ್ಯಾಬಿನ್ನಿನಲ್ಲಿ ಕುಳಿತು ಮಗುವಿನ ಮೂಗಿನ ಹತ್ತಿರ ಬೆರಳು ಹಿಡಿದಿದ್ದೆ. ಉಸಿರು ಬರುತ್ತಿದೆಯೋ, ಕಿಟಕಿಯ ಗಾಳಿಯೋ ತಿಳಿಯುತ್ತಿರಲಿಲ್ಲ. ಕಿಟಕಿ ಹಾಕಿಸಿದೆ. ಇತ್ತು, ತೆಳ್ಳಗೆ. ಇನ್ನೊಂದು ಕೈಯಲ್ಲಿದ್ದ ಸೀಸೆಯನ್ನು ಆಗ ನೋಡಿದೆ. ಅದು ಪಕ್ಕದ ಮನೆಯಾಕೆಯ ಉದ್ದನೆಯ ಸೀಸೆಯಲ್ಲ. ತಲೆಗೆ ಹಚ್ಚುವ ಎಣ್ಣೆ ಬಂದಿದ್ದ, ಹೊಟ್ಟೆ ದಪ್ಪಗಿರುವ ಗಿಡ್ಡ ಸೀಸೆ. ಪಟ್ಟಿ ಮಾತ್ರ ಅದೇ.

"ಅತ್ತೆ, ಇದ್ಯಾವ ಸೀಸೆ?"

"ಬೆಳಗ್ಗೆ ನೀನು ಹೋದ ಮ್ಯಾಗೆ ಆಯಮ್ಮ ಬಂದ್ಲು ಕಣೆ. ಸೊಸೈಟಿಗೆ ಸೀಮೆಎಣ್ಣೆ ಬಂದೈತೆ, ನಮ್ ಸೀಸೆ ಕೊಡ್ರಿ ಅಂದ್ಲು. ಕೊಡಕ್ಕಿಲ್ಲ ಅನ್ನಕ್ಕಾಗ್ತೈತಾ? ಇದನ್ನ ಸೀಗೆಪುಡಿ ಹಾಕಿ ತೊಳೆದು ಅದಕ್ಕೆ ಬಗ್ಗಿಸ್ದೆ. ಒಂದು ಹನಿ ಚೆಲ್ಲಿಲ್ಲ. ಅಳತೆ ತಪ್ಪಬಾರದು ಅಂತ ಚೀಟೀನ ನೀರಲ್ಲಿ ನೆನೆಸಿ ಬಿಡಿಸಿ, ಗಂಜಿ ಹಚ್ಚಿ ಇದಕ್ಕೇ ಅಂಟಿಸ್ದೆ. ಹರೀಲೂ ಇಲ್ಲ ನೋಡು."

ಹರಿದಿರಲಿಲ್ಲ. ಎಷ್ಟು ಜೋಪಾನವಾಗಿ ಅಂಟಿಸಿದ್ದರು! ಮೇಲಿನ ಕಚ್ಚನ್ನು ಔಷಧದ ಮಟ್ಟಕ್ಕೆ ಸರಿಯಾಗಿ ಕೂರಿಸಿದ್ದರು. ಆದರೆ ಔಷಧ ದಪ್ಪ ಸೀಸೆಯಲ್ಲಿ ತಗ್ಗಿ ನಿಂತಿತ್ತು, ಪಟ್ಟಿ ಅದಕ್ಕಿಂತ ಉದ್ದವಾಗಿತ್ತು. ಉಳಿದ ಕಾಗದವನ್ನು ಅವರು ಸೀಸೆಯ ತಳಕ್ಕೆ ಮಡಚಿ ಅಂಟಿಸಿದ್ದರು. ಸೀಸೆಯನ್ನು ತಿರುಗಿಸಿದಾಗ ಅಡಿಯಲ್ಲಿ ಆ ಕಚ್ಚುಗಳು ಕಂಡವು. ನಾಳೆ ನಾಡಿದ್ದಿನ ಹೊತ್ತುಗಳೆಲ್ಲ ಗಾಜಿನ ಹೊರಗೆ, ಔಷಧ ಇರಲು ಸಾಧ್ಯವೇ ಇಲ್ಲದ ಕಡೆ ಅಂಟಿಕೊಂಡಿದ್ದವು. ಹಾಗಾದರೆ ಆ ಹೊತ್ತುಗಳ ಔಷಧ ಎಲ್ಲಿ ಹೋಯಿತು? ಹೋಟೆಲಿನವರ ಡಬರಿ ಕಣ್ಣೆದುರು ಬಂತು. ಡಬರಿಯಲ್ಲಿ ಬೆರಳಗಲ ಇಳಿದರೆ ಲೋಟದಲ್ಲಿ ಗೇಣು ಇಳಿದ ಹಾಗೆ.

"ಎಷ್ಟು ಹೊತ್ತು ಕುಡಿಸಿದ್ರಿ?"

"ಬೆಳಗ್ಗೆ ಒಂದು ಕಚ್ಚು, ಮಧ್ಯಾಹ್ನ ಒಂದು. ನೀನು ಹೇಳಿದಷ್ಟೇ. ಯಾಕೆ? ಯಾಕೆ ಹಂಗೆ ನೋಡ್ತೀಯಾ?"

ನಾನು ಹೇಳಲಿಲ್ಲ. ಹೇಳಿದ್ದರೆ ಅವರು ಲಾರಿಯಲ್ಲೇ ಕುಸಿಯುತ್ತಿದ್ದರು. ಎರಡು ಜನರನ್ನು ಹೊರಲು ನನಗೆ ಶಕ್ತಿ ಇರಲಿಲ್ಲ.

ಡಾಕ್ಟರು ಊಟ ಮುಗಿಸಿ ಮನೆಯೊಳಗೆ ಇದ್ದರು. ಬಾಗಿಲು ಬಡಿದ ಸದ್ದಿಗೆ ರೇಗಿಕೊಂಡೇ ಬಂದರು, ಮಗುವನ್ನು ನೋಡಿ ಒಳಗೆ ಮೇಜಿನ ಮೇಲೆ ಮಲಗಿಸಲು ಹೇಳಿದರು. ರೆಪ್ಪೆ ಬಿಡಿಸಿ ಟಾರ್ಚು ಹಾಕಿದರು, ಎದೆಗೆ ಕೊಳವೆ ಇಟ್ಟರು.

"ಎಷ್ಟು ಕುಡಿಸಿದ್ರಿ?"

"ಹೊತ್ತಿಗೆ ಒಂದೇ ಕಚ್ಚು ಸ್ವಾಮಿ, ಎರಡು ಹೊತ್ತು" ಎಂದರು ಅತ್ತೆ.

ನಾನು ಸೀಸೆಯ ತಳ ತೋರಿಸಿದೆ. ಡಾಕ್ಟರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಬಯ್ಯಲಿಲ್ಲ, ಅದಕ್ಕೇ ಇನ್ನೂ ಹೆದರಿಕೆಯಾಯಿತು. ಕಾಂಪೌಂಡರನನ್ನು ಕರೆದು ಉಳಿದ ಔಷಧವನ್ನು ಬೇರೆ ಕಡೆ ಬಗ್ಗಿಸಲು ಹೇಳಿ, ಆ ಸೀಸೆಗೆ ನೀರು ತುಂಬಿಸಿ, ಒಂದು ಕಚ್ಚಿನಷ್ಟು ನೀರನ್ನು ತಮ್ಮ ಗೆರೆ ಹಾಕಿದ ಗಾಜಿನ ಲೋಟಕ್ಕೆ ಇಳಿಸಿದರು. ಆ ನೀರು ಗೆರೆ ಏರುವುದನ್ನು ಎಲ್ಲರೂ ನೋಡಿದೆವು. ನಾನು ಎಷ್ಟೋ ಅಂಗಡಿಗಳಲ್ಲಿ ಅಳತೆ ನೋಡುತ್ತಾ ನಿಂತಿದ್ದೇನೆ, ಇನ್ನಷ್ಟು ಬೀಳಲಿ ಎಂದು. ಆ ಒಂದು ಸಲ ಮಾತ್ರ, ಸಾಕು, ಅಲ್ಲಿಗೇ ನಿಲ್ಲಲಿ ಎಂದು ಬೇಡಿಕೊಂಡೆ. ನಿಲ್ಲಲಿಲ್ಲ.

"ಒಂದು ಹೊತ್ತಿಗೆ ಮೂರು ಹೊತ್ತಿನದು ಹೋಗಿದೆ" ಎಂದರು ಡಾಕ್ಟರು. "ಇದಕ್ಕೆ ಬೇರೆ ಮದ್ದಿಲ್ಲಮ್ಮ. ತಾನಾಗೇ ಇಳೀಬೇಕು. ಅದು ಇಳಿಯೋ ತನಕ ಉಸಿರು ನಿಲ್ಲಬಾರದು, ಅಷ್ಟೇ. ನಿದ್ದೆ ಮಾಡೋಕೆ ಬಿಡಬೇಡಿ. ಅಳಿಸ್ತಾ ಇರಿ."

"ಅಳಿಸಾದಾ?"

"ಹೌದು. ಅಂಗಾಲಿಗೆ ಬೆರಳಿಂದ ಹೊಡೀರಿ. ಅಳ್ತಾ ಇದ್ರೆ ಉಸಿರು ಎಳ್ಕೊಳ್ಳುತ್ತೆ."

ಅತ್ತೆಗೆ ಆಗ ತಿಳಿಯಿತು. ಗೋಡೆಗೆ ಒರಗಿ ಕುಳಿತುಬಿಟ್ಟರು. "ನಾನೇ ಹಾಕ್ದೆ. ನನ್ನ ಕೈಯಾರೆ ಹಾಕ್ದೆ" ಎಂದು ತಮ್ಮ ಬಲಗೈಯನ್ನು ಎಡಗೈಯಿಂದ ಹೊಡೆದುಕೊಳ್ಳತೊಡಗಿದರು. "ಈಗ ಅದಲ್ಲ, ಮಗೂನ ಹಿಡ್ಕಳ್ರಿ" ಎಂದೆ. ಅವರ ತೊಡೆಯ ಮೇಲೆ ಮಲಗಿಸಿ, ನಾನು ಅಂಗಾಲಿಗೆ ಬೆರಳು ಸಿಡಿಸಿದೆ.

ಹೆತ್ತ ಮಗುವನ್ನು ಬೇಕೆಂದೇ ಅಳಿಸುವುದು ಎಂಥ ಕೆಲಸ ಎಂದು ಆ ದಿನ ತಿಳಿಯಿತು. ಒಂದು ಏಟಿಗೆ ಬೆಕ್ಕಿನ ಮರಿಯಷ್ಟು ಸದ್ದು. ಮತ್ತೆ ಸುಮ್ಮನೆ. ಮತ್ತೊಂದು ಏಟು. ಅಂಗಾಲು ಕೆಂಪಾಯಿತು. ಅತ್ತೆ ಮುಖ ಆ ಕಡೆ ತಿರುಗಿಸಿಕೊಂಡು "ಸಾಕು ಕಣೆ, ಸಾಕು ಕಣೆ" ಎನ್ನುತ್ತಿದ್ದರು, ಮಗು ಸುಮ್ಮನಾದೊಡನೆ "ಹೊಡಿಯೇ, ಯಾಕೆ ನಿಲ್ಲಿಸ್ದೆ!" ಎಂದು ಅವರೇ ಕೂಗುತ್ತಿದ್ದರು. ಹೊರಗೆ ಜಟಕಾದವನೊಬ್ಬ ಯಾರನ್ನೋ ಕರೆಯುತ್ತಿದ್ದ. ಎಲ್ಲಿಂದಲೋ ಬೋಂಡಾ ಕರಿಯುವ ವಾಸನೆ. ಊರಿಗೆ ಊರೇ ತನ್ನ ಪಾಡಿಗಿತ್ತು.

ಬಿಸಿಲು ಹೊಸ್ತಿಲು ದಾಟಿ ಹೋಗುವ ಹೊತ್ತಿಗೆ ಏಟಿಗೂ ಸದ್ದು ಬರುವುದು ನಿಂತಿತು. ಮತ್ತೆ ಹೊಡೆದೆ. ಇಲ್ಲ. ಇನ್ನೊಂದು ಕಾಲಿಗೆ ಹೊಡೆದೆ. ಇಲ್ಲ. ತುಟಿಯ ಸುತ್ತ ಬಣ್ಣ ಬೂದಿಯಂತಾಯಿತು. ಎದೆ ಏಳುತ್ತಿದೆಯೇ ಎಂದು ನೋಡುತ್ತೇನೆ, ಕಣ್ಣು ಮಂಜಾಗಿ ಕಾಣುತ್ತಿಲ್ಲ. "ಡಾಕ್ಟ್ರೇ!" ಎಂದು ಕೂಗಿದೆ, ಆ ದನಿ ನನ್ನದೆಂದು ನನಗೇ ಅನ್ನಿಸಲಿಲ್ಲ. ಅವರು ಓಡಿ ಬಂದು ಮಗುವನ್ನು ಬೋರಲು ಹಾಕಿ ಬೆನ್ನು ತಿಕ್ಕಿದರು, ಮುಖಕ್ಕೆ ತಣ್ಣೀರು ಚಿಮುಕಿಸಿದರು, ಮತ್ತೆ ತಿಕ್ಕಿದರು. ಅತ್ತೆ ಬಾಯಿಗೆ ಸೆರಗು ತುರುಕಿಕೊಂಡಿದ್ದರು.

ಆಗ ಕೆಮ್ಮು ಬಂತು. ಒಂದು ಸಣ್ಣ ಕೆಮ್ಮು, ಅದರ ಹಿಂದೆ ಇನ್ನೊಂದು, ಆಮೇಲೆ ಒಂದರ ಮೇಲೊಂದು ಅದೇ ನಾಯಿಕೆಮ್ಮು. ಮುಖ ಕೆಂಪೇರಿತು, ನೇರಳೆಯಾಯಿತು. ಕೊನೆಗೆ ಕೊಳವೆಯಲ್ಲಿ ಗಾಳಿ ಎಳೆದ ಆ ಸದ್ದು ಬಂತು. ಡಾಕ್ಟರ ತೋಳಿನ ಮೇಲೆ ಕೆಂಪು ಔಷಧ ಕಕ್ಕಿ, ಕಣ್ಣು ಬಿಟ್ಟು, ಜೋರಾಗಿ, ಸಿಟ್ಟಿನಿಂದ ಅತ್ತಳು. ಯಾವ ಕೆಮ್ಮು ನಿಲ್ಲಲಿ ಎಂದು ಹರಸಿಕೊಂಡಿದ್ದೆನೋ ಅದೇ ಬಂದು ನನ್ನ ಮಗಳನ್ನು ಎಬ್ಬಿಸಿತು. "ಕೆಮ್ಮವ್ವ, ಇನ್ನೂ ಕೆಮ್ಮು" ಎಂದು ನಾನೇ ಹೇಳುತ್ತಿದ್ದೆನಂತೆ. ಅತ್ತೆ ಆಮೇಲೆ ಹೇಳಿದರು, ನನಗೆ ನೆನಪಿಲ್ಲ.

ದೀಪ ಹಚ್ಚುವ ಹೊತ್ತಿಗೆ ಒಳಲೆಯಿಂದ ನೀರು ಕುಡಿದಳು. ನುಂಗಿದಳು. ಗಂಟಲು ಏರಿ ಇಳಿಯುವುದನ್ನು ಬೆರಳಿಟ್ಟು ಮುಟ್ಟಿ ನೋಡಿದೆ. ಆದರೂ ಹೆದರಿಕೆ ಅವತ್ತೇ ಹೋಗಲಿಲ್ಲ. ಕೆಮ್ಮು ಪೂರ್ತಿ ವಾಸಿಯಾದ ಮೇಲೂ ಆಕೆ ಸ್ವಲ್ಪ ಹೆಚ್ಚು ಹೊತ್ತು ಮಲಗಿದರೆ ನಾನು ಹೋಗಿ ಎಬ್ಬಿಸಿ ಅಳಿಸುತ್ತಿದ್ದೆ. ಅತ್ತೆಯಂತೂ ಒಂದು ವರ್ಷ ಒಲೆಯ ಮುಂದೆ ಮಿಳ್ಳೆಯನ್ನು ಎರಡೆರಡು ಸಲ ಬೆಳಕಿಗೆ ಹಿಡಿದು ನೋಡಿ ಎಣ್ಣೆ ಬಿಡುತ್ತಿದ್ದರು. ಕೇಳಿದರೆ "ಕಣ್ಣು ಮಂಜಾಗೈತೆ" ಎನ್ನುತ್ತಿದ್ದರು. ಅವರ ಕಣ್ಣಿಗೆ ಏನೂ ಆಗಿರಲಿಲ್ಲ. ತಮ್ಮ ಕೈಯ ಮೇಲಿನ ನಂಬಿಕೆ ಹೋಗಿತ್ತು. ನಾನು ಬೇಕೆಂದೇ ಮಗುವಿನ ಹರಳೆಣ್ಣೆಯನ್ನು ಅವರ ಕೈಗೇ ಕೊಡುತ್ತಿದ್ದೆ. ಮೊದಮೊದಲು ಬೇಡವೆಂದರು, ಆಮೇಲೆ ಹಾಕಿದರು.

ಈಗ ನಿಮಗೆ ಹೇಳುತ್ತೇನೆ, ಕೇಳಿ. ಔಷಧವನ್ನು ಬಂದ ಸೀಸೆಯಿಂದ ಬೇರೆ ಸೀಸೆಗೆ ಹಾಕಬೇಡಿ, ಯಾರೇ ಬಂದು ಕೇಳಲಿ. ಸೀಸೆ ಒಡೆಯಿತು, ಹಾಕಲೇಬೇಕಾಯಿತು ಎಂದರೆ ಹಳೆಯ ಗುರುತನ್ನು ನಂಬಬೇಡಿ. ಔಷಧ ಕೊಟ್ಟವರ ಹತ್ತಿರ ಹೋಗಿ ಹೊಸದಾಗಿ ಅಳತೆ ಮಾಡಿಸಿಕೊಳ್ಳಿ. ಅಂಗಡಿಯಲ್ಲಿ ಔಷಧ ಕೊಂಡ ದಿನವೇ, ಎಷ್ಟು ಕುಡಿಸಬೇಕು ಎಂದು ನಿಮ್ಮ ಎದುರಿಗೇ ಮುಚ್ಚಳದಲ್ಲಿ ನೀರು ಹಾಕಿಸಿ ನೋಡಿಕೊಳ್ಳಿ, ನಾಚಿಕೊಳ್ಳಬೇಡಿ, ಹಿಂದೆ ನಿಂತವರು ಗೊಣಗಿದರೆ ಗೊಣಗಲಿ. ಆ ಅಳತೆಯನ್ನು ಸೀಸೆಗೇ ದಾರದಲ್ಲಿ ಕಟ್ಟಿಡಿ, ಅಡುಗೆಮನೆಯ ಚಮಚ ಮುಟ್ಟಬೇಡಿ. ಮನೆಯಲ್ಲಿ ಔಷಧ ಕುಡಿಸುವವರು ಒಬ್ಬರೇ ಇರಲಿ. ಅವರು ಹೊರಗೆ ಹೋಗುವಾಗ ಬಾಯಲ್ಲಿ ಹೇಳಿದರೆ ಸಾಲದು, ಉಳಿದವರ ಕೈಯಲ್ಲಿ ಒಂದು ಸಲ ಅಳೆಯಿಸಿ ನೋಡಿ ಹೋಗಲಿ. ಮತ್ತೆ, ನರಳುತ್ತಿದ್ದ ಮಗು ಇದ್ದಕ್ಕಿದ್ದಂತೆ ಸುಮ್ಮನಾದರೆ ಸಂತೋಷಪಟ್ಟು ಕುಳಿತುಕೊಳ್ಳಬೇಡಿ. ಎಬ್ಬಿಸಿ. ಕಣ್ಣು ಬಿಡದಿದ್ದರೆ, ಕೈಕಾಲು ಜೋತುಬಿದ್ದರೆ, ಬಾಯಿಗೆ ಏನನ್ನೂ ಹಾಕದೆ, ಹೇಗಿದೆಯೋ ಹಾಗೇ ಎತ್ತಿಕೊಂಡು ಡಾಕ್ಟರ ಹತ್ತಿರ ಹೊರಡಿ. ಹೊರಡುವ ಮುಂಚೆ ಸೀಸೆಯನ್ನು ಕೈಗೆ ತೆಗೆದುಕೊಳ್ಳಿ.